ಒಂದೇ ಸಾಲಿನ ಸಾವು

ಮಣ್ಣೂರಿನ ಕಲ್ಲಿನಾಥ ಮಾಸ್ತರರಿಗೆ ಶಾಲು ಹೊದಿಸಲು ಹೋಗಬಾರದೆಂಬುದು ಅಫಜಲಪುರ ತಾಲೂಕಿನ ಸಾಹಿತ್ಯದ ಮಂದಿಗೆಲ್ಲ ಗೊತ್ತಿದ್ದ ಸಂಗತಿ. ಗೊತ್ತಿಲ್ಲದ ಬ್ಯಾಂಕ್ ಮ್ಯಾನೇಜರನೊಬ್ಬ ಒಮ್ಮೆ ವೇದಿಕೆಯ ಮೇಲೆ ಶಾಲು ಬಿಡಿಸಿಕೊಂಡು ಇವರ ಹೆಗಲ ತನಕ ಬಂದಿದ್ದ. ಮಾಸ್ತರರು ಅದನ್ನು ಅವನ ಕೈಯಿಂದ ಕಸಿದುಕೊಂಡು, ಕೆಳಗಿಳಿದು ಹೋಗಿ, ಮುಂದಿನ ಸಾಲಿನಲ್ಲಿ ಕೆಮ್ಮುತ್ತ ಕೂತಿದ್ದ ಮುದುಕನೊಬ್ಬನಿಗೆ ಹೊದಿಸಿ ಬಂದರು. "ಥಂಡಿ ಹತ್ತಿದವರಿಗಿ ಹೊಚ್ಚಬೇಕ್ರಿ ಇದು. ಕಾದಂಬರಿ ಬರದವಗ ಥಂಡಿ ಹತ್ತತದಂತ ನಿಮಗ ಯಾರ್ ಹೇಳ್ಯಾರ?" ಎಂದು ಮೈಕಿನಲ್ಲೇ ಕೇಳಿದರು. ಅಂದಿನಿಂದ ಯಾರೂ ಆ ಸಾಹಸಕ್ಕೆ ಹೋಗಿರಲಿಲ್ಲ.

ಜನ ಅದನ್ನು ಸೊಕ್ಕು ಎಂದರು. ಸೊಕ್ಕೇ ಸರಿ, ಅದರಲ್ಲಿ ಮುಚ್ಚಿಡುವುದೇನು ಬಂತು? ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ಐದು ಕಾದಂಬರಿ ಬರೆದು, ಅರವತ್ತಾರಕ್ಕೆ ಬಂದು ನಿಂತಿದ್ದ ಈ ಮನುಷ್ಯನಿಗೆ ಎದುರಿಗೆ ಬಂದವರೆಲ್ಲ ದಡ್ಡರಾಗಿಯೇ ಕಾಣುತ್ತಿದ್ದರು. ಕವಿಗಳನ್ನು ಕಂಡರೆ ಆಗುತ್ತಿರಲಿಲ್ಲ, ಅವರು ಬೇಗ ಮುಗಿಸಿಬಿಡುತ್ತಾರೆಂದು. ವಿಮರ್ಶಕರನ್ನು ಕಂಡರೆ ಆಗುತ್ತಿರಲಿಲ್ಲ, ಅವರು ಓದುವ ಮೊದಲೇ ಮುಗಿಸುತ್ತಾರೆಂದು. ಓದುಗರ ಮಾತಂತೂ ಎತ್ತುವಂತೆಯೇ ಇರಲಿಲ್ಲ. "ನಿಮ್ಮ ಪುಸ್ತಕ ಓದಿ ಅತ್ತುಬಿಟ್ಟೆರಿ ಸರ್" ಎಂದು ಚೌಡಾಪುರದ ಬಸ್ ಸ್ಟ್ಯಾಂಡಿನಲ್ಲಿ ಕೈಮುಗಿದು ನಿಂತ ನರ್ಸಮ್ಮನೊಬ್ಬಳಿಗೆ "ಯಾಕ, ಆವತ್ತ ಡ್ಯೂಟಿ ಇದ್ದಿಲ್ಲೇನು?" ಎಂದು ಕೇಳಿ ಬಸ್ ಹತ್ತಿದ್ದರು.

ಈ ವರ್ಷ ತಾಲೂಕು ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಅಮರನಾಥ ಎಂಬ ಕಾಲೇಜು ಉಪನ್ಯಾಸಕ ಕರಜಗಿಯಿಂದ ಬೈಕಿನ ಮೇಲೆ ಬಂದು ಕೇಳಿಕೊಂಡ. ವಿಷಯ 'ನಾನೇಕೆ ಬರೆಯುತ್ತೇನೆ'. "ನೀ ಯಾಕ ಉಣ್ತಿ ಅಂತ ನಿನಗ ಯಾರರ ಕೇಳ್ಯಾರೇನು?" ಎಂದು ಅವನನ್ನು ಓಡಿಸಿದ ಮಾಸ್ತರರು ಅವತ್ತೇ ಸಂಜೆ ಬರೆಯಲು ಕೂತರು. ನಾಲ್ಕು ಜನರನ್ನು ಒಟ್ಟಿಗೆ ಬೈಯುವ ಅವಕಾಶವನ್ನು ಅವರು ಎಂದೂ ಕೈಬಿಟ್ಟವರಲ್ಲ. 'ಬರೆಯುವವನು ತಣ್ಣಗಿರಬೇಕು' ಎಂದು ಶುರುವಾಯಿತು ಲೇಖನ. 'ಓದುಗನ ಕಣ್ಣಲ್ಲಿ ನೀರು ತರಿಸುವುದು ಕಲೆಯಲ್ಲ. ಆ ಕೆಲಸವನ್ನು ಉಳ್ಳಾಗಡ್ಡಿ ಇನ್ನೂ ಚೆನ್ನಾಗಿ ಮಾಡುತ್ತದೆ. ಬರವಣಿಗೆಯ ಉದ್ದೇಶವೇನೆಂದು ಕೇಳುವವರಿದ್ದಾರೆ. ಜನರಿಗೆ ಉಪಯೋಗವಾಗಲಿ ಎಂದಿದ್ದರೆ ನಾನು ಹಿಟ್ಟಿನ ಗಿರಣಿ ಹಾಕುತ್ತಿದ್ದೆ. ಸಮಾಧಾನ ಬೇಕಾದವರು ಮಠಕ್ಕೆ ಹೋಗಲಿ, ಅಲ್ಲಿ ಕೊನೆಗೆ ಮಂಗಳಾರತಿಯೂ ಇರುತ್ತದೆ.' ಹೀಗೆ ಹನ್ನೊಂದು ಹಾಳೆ ತುಂಬಿತು. ಬರೆದದ್ದನ್ನು ಓದಿಕೊಂಡು ಬಹಳ ದಿನದ ಮೇಲೆ ಅವರು ಒಬ್ಬರೇ ನಕ್ಕರು.

ತಣ್ಣಗಿರುವುದೆಂದರೆ ಹೇಗೆಂಬುದಕ್ಕೆ ಅವರ ಬಳಿ ತಮ್ಮದೇ ಪುರಾವೆ ಇತ್ತು. ಮೊದಲನೆಯದೊಂದನ್ನು ಬಿಟ್ಟು ಉಳಿದ ನಾಲ್ಕು ಕಾದಂಬರಿಗಳಲ್ಲೂ ಒಂದೊಂದು ಕೂಸು ಸಾಯುತ್ತದೆ. ಒಂದು ಜ್ವರದಿಂದ, ಒಂದು ಚೇಳು ಕಡಿದು, ಇನ್ನೆರಡು ಏನೇನೋ ಆಗಿ. ಸಾವು ಮಾತ್ರ ನಾಲ್ಕೂ ಸಲ ಒಂದೇ ಸಾಲು: 'ಬೆಳಗಾದಾಗ ಕೂಸು ತಣ್ಣಗಾಗಿತ್ತು.' ಅಷ್ಟೇ. ಅಳುವಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ. ಮುಂದಿನ ಸಾಲಿನಲ್ಲಿ ಬೇರೆ ಊರು, ಬೇರೆ ಮಾತು. ಈ ಸಾಲನ್ನು ಧಾರವಾಡದ ವಿಮರ್ಶಕನೊಬ್ಬ 'ನಿರ್ದಯ ಸಂಯಮ' ಎಂದು ಹೊಗಳಿ ಬರೆದಿದ್ದ. ಭೂಮಿಯ ಮೇಲಿನ ವಿಮರ್ಶಕರಲ್ಲಿ ಅವನೊಬ್ಬನನ್ನು ಮಾಸ್ತರರು ಬೈಯುತ್ತಿರಲಿಲ್ಲ.

ಮನೆಯಲ್ಲಿ ಹೆಂಡತಿ ಸುವರ್ಣಾ. ಏಳನೆಯ ಇಯತ್ತೆ ಓದಿದವಳು. ಪೇಪರು ಓದುತ್ತಾಳೆ, ಔಷಧಿ ಬಾಟಲಿಯ ಮೇಲಿನದನ್ನೂ ಬಿಡದೆ ಓದುತ್ತಾಳೆ, ಗಂಡನ ಪುಸ್ತಕ ಮಾತ್ರ ಮುಟ್ಟುವುದಿಲ್ಲ. ಅದೂ ಒಂದು ತಾತ್ಸಾರಕ್ಕೆ ಕಾರಣವಾಗಿ ಮಾಸ್ತರರ ಒಳಗೆ ವರ್ಷಗಟ್ಟಲೆ ಕೂತಿತ್ತು. ಮಗನೊಬ್ಬ ಆಳಂದದಲ್ಲಿ ದನದ ಡಾಕ್ಟರು. ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ. ಅವನಿಗಿಂತ ಮೊದಲೊಂದು ಹೆಣ್ಣಿತ್ತು, ವಿಜಯಶ್ರೀ ಎಂದು. ಮಾಸ್ತರರು ಜೇವರ್ಗಿಯ ಶಾಲೆಯಲ್ಲಿದ್ದಾಗ ಹದಿನಾರು ತಿಂಗಳಿಗೆ ಹೋಗಿಬಿಟ್ಟಿತು. ಆ ಮಾತನ್ನು ಆ ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ.

ಶ್ರಾವಣ ಬಂತು, ಮಠದಲ್ಲಿ ಪುರಾಣ ಹಚ್ಚಿದರು. ಇಲ್ಲಿನ ಪುರಾಣವೆಂದರೆ ಕೇಳಿ ಎದ್ದು ಹೋಗುವಂಥದ್ದಲ್ಲ. ಕಥೆಯಲ್ಲಿ ಶರಣನ ತಾಯಿ ಬಸುರಿಯಾದರೆ ಹೆಂಗಸರು ಕುಪ್ಪಸಕ್ಕೆ ಹಸಿರು ಕಣ, ಬಳೆ ತಂದು ಸೀಮಂತದ ಕುಬಸ ಮಾಡುತ್ತಾರೆ. ಶರಣ ಹುಟ್ಟಿದ ದಿನ ಮಠದ ತೊಲೆಗೆ ಖರೆ ಖರೆ ತೊಟ್ಟಿಲು ಕಟ್ಟಿ ಜೋಗುಳ ಹಾಡಿ, ಬಂದವರಿಗೆಲ್ಲ ಸಕ್ಕರೆ ಹಂಚುತ್ತಾರೆ. ಇದನ್ನು ಕಂಡರೆ ಮಾಸ್ತರರ ಮೈ ಉರಿಯುತ್ತಿತ್ತು. ಪುಸ್ತಕದಲ್ಲಿ ಬಸುರಿ ಯಾವುದು, ಓಣಿಯಲ್ಲಿ ಬಸುರಿ ಯಾವುದು ಎಂಬ ಖಬರಿಲ್ಲದ ಮಂದಿ ಎಂದು ಲೇಖನದಲ್ಲಿ ಒಂದು ಪ್ಯಾರಾವನ್ನು ಇವರಿಗೇ ಮೀಸಲಿಟ್ಟಿದ್ದರು.

ಪುರಾಣದ ಏಳನೆಯ ದಿನ ಪುರಾಣಿಕ ಗುರುಲಿಂಗ ಶಾಸ್ತ್ರಿಗಳು ಯಾರೋ ತೀರಿಕೊಂಡರೆಂದು ಮಣ್ಣಿಗೆ ಹೋಗಿ ನಾಳೆಯೇ ಬರುತ್ತೇನೆಂದು ಆಳಂದದ ಕಡೆ ಹೋದರು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಸಂಗಡ ಒಯ್ದರು, ಅದನ್ನು ಬಿಟ್ಟು ಎಲ್ಲೂ ಹೋಗುವವರಲ್ಲ ಅವರು. ಅವತ್ತೇ ಮೇಲಿನ ಡ್ಯಾಮುಗಳಿಂದ ಭೀಮೆಗೆ ನೀರು ಬಿಟ್ಟರು. ಬೆಳಿಗ್ಗೆ ನೋಡಿದರೆ ಊರ ಸುತ್ತಲಿನ ಹಳ್ಳಗಳೆಲ್ಲ ತುಂಬಿ ರಸ್ತೆ ಬಂದ್. ಕರೆಂಟು ಹೋಯಿತು, ಅದರ ಹಿಂದೆ ಫೋನುಗಳೂ ಸತ್ತವು. ಮಠದಲ್ಲಿ ಪುರಾಣದ ಗಾದಿ ಖಾಲಿ ಬಿತ್ತು.

ಮಠದ ಹಿರಿಯ ದೊಡ್ಡಪ್ಪಗೌಡರು ಕೆಸರು ತುಳಿಯುತ್ತ ಮಾಸ್ತರರ ಮನೆಗೆ ಬಂದರು.

"ಹಚ್ಚಿದ ಪುರಾಣ ನಡುವ ಮುರೀಬಾರದ್ರಿ ಮಾಸ್ತರ. ಗಾದಿ ಖಾಲಿ ಬಿಡೂದು ಊರಿಗಿ ಛಲೋ ಅಲ್ಲ. ಓದಾಕ ಬರೋವ್ರು ನೀವೊಬ್ರು. ಬಂದು ಕೂಡ್ರಿ."

"ಪುಸ್ತಕ ಶಾಸ್ತ್ರಿ ಬಗಲಾಗ ಅದ. ನಾ ಏನ್ ಓದ್ಲಿ, ನಿಮ್ಮ ಹೊಲದ ಪಹಣಿ ಓದ್ಲೇನು?"

"ಏನಾರ ಓದ್ರಿ. ನೀವೂ ಏನೇನೋ ಬರೀತಿರಂತಲ್ಲ, ಅದನ್ನರ ಓದ್ರಿ."

ಏನೇನೋ ಎಂಬ ಆ ಒಂದು ಮಾತು ಮಾಸ್ತರರಿಗೆ ನಾಟಿತು. ಬರೆಯುತ್ತಿದ್ದ ಆರನೆಯ ಕಾದಂಬರಿ ಮೇಜಿನ ಮೇಲಿತ್ತು, ಮುಗಿಯಲು ನಾಲ್ಕು ಅಧ್ಯಾಯ ಬಾಕಿ. ಸಾಹಿತ್ಯ ಅಂದರೇನೆಂದು ಈ ಮಂದಿಗೆ ಒಮ್ಮೆ ಗೊತ್ತಾಗಲಿ ಎನಿಸಿತು. ಗೌಡರನ್ನು ಹಂಗೇ ಬಾಗಿಲಲ್ಲಿ ನಿಲ್ಲಿಸಿ, ಹಸ್ತಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು.

ಕರೆಂಟಿಲ್ಲದ್ದರಿಂದ ಓದು ಮಧ್ಯಾಹ್ನ ನಾಲ್ಕಕ್ಕೆ. ಊರಿಗೆ ಊರೇ ಬಂದು ಕೂತಿತ್ತು, ಹೊಲಕ್ಕೆ ಹೋಗುವಂತಿರಲಿಲ್ಲವಲ್ಲ. ಹೆಂಗಸರು ಮೊರದಲ್ಲಿ ತೊಗರಿ ಹಿಡಿದುಕೊಂಡೇ ಬಂದಿದ್ದರು. ಕಾದಂಬರಿಯ ರೇವವ್ವ ಬಡ ಒಕ್ಕಲತಿ, ಏಳು ತಿಂಗಳ ಬಸುರಿ. ಮಾಸ್ತರರು ಏರಿಳಿತವಿಲ್ಲದ ದನಿಯಲ್ಲಿ, ಯಾರ ಮುಖವನ್ನೂ ನೋಡದೆ ಓದತೊಡಗಿದರು. ಮೊದಲ ಪ್ಯಾರಾ ಮುಗಿದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ತಬಲಾ ಢಣ್ಣೆಂದಿತು. ಬಾರಿಸಿದವನು ಬಂದೇನವಾಜ, ಅವರದೇ ಹಳೆಯ ವಿದ್ಯಾರ್ಥಿ. ಪುರಾಣಕ್ಕೆ ತಬಲಾ ಹಿಡಿಯುವವನು ಹತ್ತು ವರ್ಷದಿಂದ ಅವನೇ.

"ಏನಲೇ ಅದು?"

"ಖಾಲಿ ಜಾಗಾ ಬಂತ್ರಿ ಸರ್. ಅದಕ್ಕ ತುಂಬಿದೆ."

"ತುಂಬಬ್ಯಾಡ. ಅದು ಖಾಲಿ ಇರ್ಲಂತನ ಬಿಟ್ಟೇನಿ."

ಬಂದೇನವಾಜ ಕೈ ಮಡಚಿಕೊಂಡ. ಅಷ್ಟರಲ್ಲಿ ಹೆಂಗಸರ ಕಡೆಯಿಂದ ಸುಂದರಬಾಯಿ ಬಾಯಿ ಹಾಕಿದಳು. ಎಂಬತ್ತು ದಾಟಿದ ಮುದುಕಿ, ಊರಿನ ಅರ್ಧ ಮಂದಿಯ ಹೊಕ್ಕುಳ ಹುರಿ ಕೊಯ್ದ ಸೂಲಗಿತ್ತಿ.

"ಯಪ್ಪಾ, ಏಳು ತಿಂಗಳಾಗ ಎರಡ ಕೊಡ ಹೊತ್ಕೊಂಡು ಬಾವಿ ಮೆಟ್ಟಲ ಏರ್ಯಾಳೇನು ಆಕಿ? ಒಂದು ಇಳಸ್ರಿ."

"ಅದು ಬಡತನದ ಸಂಕೇತ, ಆಯಿ."

"ಸಂಕೇತ ಇರ್ಲಿ. ಒಂದು ಕೊಡ ಇಳಸ್ರಿ."

ಜನ ನಕ್ಕರು. ಮಾಸ್ತರರು ನಗಲಿಲ್ಲ, ಕೊಡವನ್ನೂ ಇಳಿಸಲಿಲ್ಲ. ಸಾಹಿತ್ಯ ಸಭೆಗಳಲ್ಲಿ ಪ್ರೊಫೆಸರುಗಳನ್ನು ಬಾಯಿ ಮುಚ್ಚಿಸಿದ ಮನುಷ್ಯ ಒಬ್ಬ ಸೂಲಗಿತ್ತಿಯಿಂದ ಪಾಠ ಹೇಳಿಸಿಕೊಳ್ಳುವುದೆಂದರೇನು? ಮನೆಗೆ ಬಂದು ಬಹಳ ಹೊತ್ತು ಬೈದರು. ಬೈದು ಮುಗಿದ ಮೇಲೆ ಹಸ್ತಪ್ರತಿ ತೆಗೆದು, ಹಲ್ಲು ಕಡಿಯುತ್ತ, ಒಂದು ಕೊಡಕ್ಕೆ ಗೆರೆ ಎಳೆದರು.

ಎರಡನೆಯ ದಿನ ರೇವವ್ವನಿಗೆ ಕುಬಸ ಆಯಿತು. ಕಾದಂಬರಿಯಲ್ಲಿ ಅದಿರಲಿಲ್ಲ. ಕಾದಂಬರಿಯಲ್ಲಿ ಅವಳಿಗೆ ತವರೇ ಇರಲಿಲ್ಲ, ಆ ತವರಿಲ್ಲದಿರುವಿಕೆಯ ಮೇಲೆ ಮಾಸ್ತರರು ಆರು ಪುಟ ದುಡಿದಿದ್ದರು. "ತವರಿಲ್ಲ ಅಂದ್ರ ನಾವಿಲ್ಲೇನು?" ಎಂದು ಹೆಂಗಸರು ಗಾದಿಯ ಮುಂದೆ ಹಸಿರು ಕಣ ಇಟ್ಟು, ಬಳೆ ಇಟ್ಟು, ಐದು ಥರದ ಅಡುಗೆ ಮಾಡಿ ತಂದು ಬಡಿಸಿದರು. ಇದು ಪುರಾಣವಲ್ಲ, ನಾನು ಕಟ್ಟಿದ ಕಥೆ, ಹೀಗೊಬ್ಬಳು ಇಲ್ಲವೇ ಇಲ್ಲ ಎಂದು ಮಾಸ್ತರರು ಎದ್ದು ನಿಂತು ಹೇಳಿದರು. "ಗೊತ್ತದ ತಗೋರಿ" ಎಂದಳು ಸುಂದರಬಾಯಿ. "ಬಸುರಿ ಬಸುರಿನ. ನೀವು ಹೋಳಿಗಿ ತಿನ್ರಿ."

ಮೂರನೆಯ ದಿನ ಹೋಗುವಷ್ಟರಲ್ಲಿ ತೊಲೆಗೆ ತೊಟ್ಟಿಲು ಕಟ್ಟಿಯಾಗಿತ್ತು. ಶರಣನಿಗೆಂದು ಎಣ್ಣೆ ಹಚ್ಚಿ ಒರೆಸಿಟ್ಟಿದ್ದ ತೊಟ್ಟಿಲನ್ನೇ ರೇವವ್ವನ ಕೂಸಿಗೆ ಕೊಟ್ಟಿದ್ದರು. ಹಗ್ಗ ಬಿಗಿದು ಎಳೆದು ನೋಡುತ್ತಿದ್ದವಳು ಸುವರ್ಣಾ. ಗಂಡನ ಬರವಣಿಗೆ ಕೇಳಲು ಅವಳು ಮೂರು ದಿನದಿಂದಲೂ ಬರುತ್ತಿದ್ದಳೆಂಬುದು ಮಾಸ್ತರರಿಗೆ ಆಗಲೇ ಗೊತ್ತಾದದ್ದು, ಮುಖ ಎತ್ತಿ ನೋಡಿದ್ದರಲ್ಲವೇ ಗೊತ್ತಾಗುವುದು.

ರೇವವ್ವ ಹಡೆದಳು. ಜೋಗುಳ ಆಯಿತು, ಸಕ್ಕರೆ ಹಂಚಿದರು, ಗಂಡಸರೂ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ಇನ್ನೆರಡು ಪುಟ ಮುಂದೆ ಏನಿದೆಯೆಂದು ಆ ಇಡೀ ಮಠದಲ್ಲಿ ಗೊತ್ತಿದ್ದವರು ಮಾಸ್ತರರೊಬ್ಬರೇ. ಅವರಿಗೆ ಒಳಗೊಳಗೇ ಖುಷಿಯಾಗುತ್ತಿತ್ತು, ಅದರಲ್ಲಿ ಸುಳ್ಳಾಡಬಾರದು. ಹಾಡಿ ಕುಣಿದ ಮಂದಿಯ ಬಾಯೊಳಗಿನ ಸಕ್ಕರೆ ಕರಗುವ ಮೊದಲೇ ಅವರು ಎರಡು ಪುಟದಲ್ಲಿ ಕೂಸಿಗೆ ವರ್ಷ ದಾಟಿಸಿ ಅದೇ ದನಿಯಲ್ಲಿ ಓದಿದರು: "ಬೆಳಗಾದಾಗ ಕೂಸು ತಣ್ಣಗಾಗಿತ್ತು."

ಓದಿ, ಹಾಳೆ ಮಡಚಿದರು. ಈಗ ಅಳುತ್ತಾರೆ, ಅತ್ತರೆ ಲೇಖನದಲ್ಲಿನ ಉಳ್ಳಾಗಡ್ಡಿಯ ಮಾತು ಹೇಳಬಹುದು ಎಂದುಕೊಂಡರು. ಯಾರೂ ಅಳಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಡ್ರೆಸ್ ತಪ್ಪಿ ಬಂದ ಪತ್ರ ಓದಿದವರ ಹಾಗೆ.

"ಯಾವಾಗ?" ಎಂದಳು ಸುಂದರಬಾಯಿ.

"ಏನು ಯಾವಾಗ?"

"ಕೂಸು ಯಾವಾಗ ಸತ್ತಿತು?"

"ಬೆಳಗಾದಾಗ ಅಂದೆನಲ್ಲ ಆಯಿ, ಕಿವಿ ಕೇಳ್ಸೂದಿಲ್ಲೇನು?"

"ಕೇಳ್ಸ್ತದ್ರಿ. ಬೆಳಗಾದಾಗ ಯಾರೋ ನೋಡ್ಯಾರ. ಸತ್ತದ್ದು ಯಾವಾಗ? ತಾಯಿ ತೊಡಿ ಮ್ಯಾಲಿತ್ತೋ ಹಾಸಿಗಿ ಮ್ಯಾಲಿತ್ತೋ? ನೀರು ಕೇಳಿತ್ತೋ ಇಲ್ಲೋ?" ಮುದುಕಿ ಗದರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕಾಗಿತ್ತು ಅವಳಿಗೆ. "ಕೂಸಿನ್ನ ಕೊಂದ್ರಿ ಅಂತ ನನಗೇನ್ ಸಿಟ್ಟಿಲ್ಲ ಯಪ್ಪಾ. ಸಾಯ್ತಾವ, ಈ ಕೈಯಾಗ ಎಷ್ಟೋ ಸತ್ತಾವ. ಆದ್ರ ನೀವು ಹೇಳಿದ್ದು ಹ್ಯಾಂಗಾತಂದ್ರ, ಮನ್ಯಾಗ ಇಲ್ಲದವ್ರು ಆಮ್ಯಾಲ ಬಂದು ಹೇಳ್ದಂಗಾತು."

ದೊಡ್ಡಪ್ಪಗೌಡರು ಗಂಟಲು ಸರಿಮಾಡಿಕೊಂಡರು. "ಹಂಗಾದ್ರ ಇದು ಆಗಿಲ್ಲ ಅಂತನ ತಿಳೀರಿ. ನಾಳಿ ಸರಿಯಾಗಿ ಓದ್ರಿ ಮಾಸ್ತರ. ಅಲ್ಲೀತನಾ ತೊಟ್ಟಿಲ ಇಳಸೂದು ಬ್ಯಾಡ."

ಮಾಸ್ತರರು ಕೆಸರಿನಲ್ಲಿ ಜಾರುತ್ತ ಮನೆಗೆ ಬಂದರು. ಕೈಕಾಲು ತೊಳೆಯಲಿಲ್ಲ, ಪಡಸಾಲೆಯಲ್ಲೇ ನಿಂತು ಶುರು ಹಚ್ಚಿದರು. ಅಕ್ಷರ ಬಾರದವರು, ಅಡ್ಡಾದಿಡ್ಡಿ ಮಂದಿ, ಧಾರವಾಡದಲ್ಲಿ ಹೊಗಳಿದ ಸಾಲನ್ನು ಮಣ್ಣೂರಿನಲ್ಲಿ ತಿದ್ದುತ್ತಾರೆ. ನಾಳೆ ಹೋಗುವುದೇ ಇಲ್ಲ. ಗಾದಿ ಖಾಲಿ ಬೀಳಲಿ, ತೊಟ್ಟಿಲು ಮಳೆಗಾಲ ಮುಗಿಯುವ ತನಕ ತೂಗಾಡಲಿ. ಅಡುಗೆ ಮನೆಯಲ್ಲಿ ಸುವರ್ಣಾ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು.

"ಆಕಿ ಹೇಳಿದ್ದು ಖರೆ ಅದ."

"ನಿನಗೇನ್ ಗೊತ್ತ ಅದರಾಗಿಂದು? ನನ್ನ ಒಂದು ಪುಸ್ತಕರ ಓದಿಯೇನು ನೀ?"

"ಎರಡ ಓದೇನಿ." ಅವಳು ಹಿಟ್ಟಿನ ಕೈ ಒರೆಸಿಕೊಂಡು ಬಾಗಿಲಿಗೆ ಬಂದಳು. "ಮೊದಲನೇದು ನೀವು ಬರ್ಯಾಕತ್ತಾಗನ ಓದಿದ್ದೆ. ಎರಡನೇದು ವಿಜಿ ಹೋದಮ್ಯಾಲಿಂದು. ಅದರಾಗ ವಿಜೀನ ಒಂದ ಸಾಲಿನ್ಯಾಗ ಮುಗಿಸಿದ್ರಿ. ಮುಂದ ನಾ ಯಾಕ ಓದ್ಲಿ?"

"ಅದು ವಿಜಿ ಅಲ್ಲ. ಅದು ಪಾತ್ರ."

"ಇರ್ಲಿ. ಆದ್ರ ಬೆಳಗಾದಾಗ ಅಲ್ಲರಿ ಅದು. ಮಧ್ಯಾಹ್ನ ಮೂರಕ್ಕ. ಬೆಳಗಾದಾಗ ನೀವು ಬಂದ್ರಿ."

ಮೂವತ್ತು ವರ್ಷದಲ್ಲಿ ಐದು ಸಲ ಬರೆದ ಸಾಲು, ಅಷ್ಟೂ ಸಲ ಮಾಸ್ತರರು ಬಸ್ಸಿಳಿದು ಬಾಗಿಲು ನೂಕಿದ ಹೊತ್ತಿನದೇ ಆಗಿತ್ತು. ಅದಕ್ಕಿಂತ ಹಿಂದಿನದು ಅವರಿಗೆ ಗೊತ್ತೇ ಇರಲಿಲ್ಲ. ಕೇಳಿಯೂ ಇರಲಿಲ್ಲ. ಕೇಳದೆ ಇದ್ದದ್ದಕ್ಕೆ ಸಂಯಮ ಎಂದು ಹೆಸರಿಟ್ಟುಕೊಂಡು ಅದರ ಮೇಲೆ ಹನ್ನೊಂದು ಹಾಳೆ ಲೇಖನ ಬರೆದಿದ್ದರು. ನಾಚಿಕೆಯಾಯಿತು ಅವರಿಗೆ, ಬರೀ ನಾಚಿಕೆ.

"ಬರ್ಕೋರಿ, ನಾ ಹೇಳ್ತೇನಿ" ಎಂದಳು ಸುವರ್ಣಾ.

ಕೂತರು. ಬಿಳಿ ಹಾಳೆಗಳು ಮುಗಿದಿದ್ದವು, ಅಫಜಲಪುರದ ಅಂಗಡಿಗೆ ಹೋಗಲು ಹಾದಿಯಿರಲಿಲ್ಲ. ಸ್ಮರಣ ಸಂಚಿಕೆಯ ಹನ್ನೊಂದು ಹಾಳೆಗಳನ್ನು ಹೊರಳಿಸಿ ಹಿಂಬದಿಗೆ ಬರೆಯತೊಡಗಿದರು.

ಅವಳು ಒಲೆಯ ಮುಂದೆ ಕೂತು, ರೊಟ್ಟಿ ಮಾಡುತ್ತಲೇ, ಅವಸರವಿಲ್ಲದೆ ಹೇಳಿದಳು. ಜೇವರ್ಗಿಯ ಬಾಡಿಗೆ ಮನೆ, ಬಸ್ ಸ್ಟ್ಯಾಂಡಿನ ಹಿಂದೆ. ಜ್ವರದ ಮೂರನೆಯ ದಿನ. ಡಾಕ್ಟರು ಊರಲ್ಲಿರಲಿಲ್ಲ. ಬಾಜೂ ಮನೆಯ ಖಮರ ಚಾಚಿ ಬಂದು ಒದ್ದೆ ಬಟ್ಟೆ ಹಾಕುತ್ತಿದ್ದಳು. ಬೆಳಿಗ್ಗೆ ಹತ್ತಕ್ಕೆ ಶಾಲೆಯ ಫೋನಿನಿಂದ ಕಲಬುರಗಿಗೆ ಹೋಗಿದ್ದ ಗಂಡನಿಗೆ ಹೇಳಿಸಿದ್ದಾಯಿತು. ಮಗು ತಾಳಿಯ ಮಣಿಯೊಂದನ್ನು ಹಿಡಿದುಕೊಂಡು ಬಿಡಲೊಲ್ಲದು. ಚಮಚೆಯಲ್ಲಿ ಸಕ್ಕರೆ ನೀರು ಹಾಕಿದರೆ ಬಾಯಿ ಪಕ್ಕದಿಂದ ಇಳಿದು ಹೋಗುತ್ತಿತ್ತು. ಬಸ್ಸಿನ ಹಾರ್ನ್ ಆದಾಗೊಮ್ಮೆ ಬಾಗಿಲ ಕಡೆ ಕಣ್ಣು ಹೊರಳಿಸುತ್ತಿತ್ತು. ಎರಡು ಗಂಟೆಯ ಮೇಲೆ ಹೊರಳಿಸುವುದನ್ನು ಬಿಟ್ಟಿತು.

"ಆಮ್ಯಾಲ ಉಸುರು ಬಂದು ನಿಲ್ತಿತ್ತು. ನಿಂತು ಮತ್ತ ಬರ್ತಿತ್ತು. ನಡುವಿನ ಖಾಲಿ ಜಾಗಾ ದೊಡ್ಡದಾಗ್ತಾ ಹೋತು. ಈಗ ಬರ್ತದ, ಈಗ ಬರ್ತದ ಅಂ‌ತ ನಾನೂ ಖಮರ ಚಾಚಿನೂ ಉಸುರು ಹಿಡಕೊಂಡು ಕುಂತಿದ್ದೆವು. ಒಮ್ಮಿ ಬರಲಿಲ್ಲ. ಬಂದೀತು ಅಂತ ಮತ್ತೂ ಕುಂತೆವು. ಮಣಿ ಹಿಡದ ಕೈ ನಾ ಬಿಡಿಸ್ಲಿಲ್ಲ, ಚಾಚಿ ಬಿಡಿಸಿದ್ಲು. ಸಂಜೀಕ ಎಲ್ಲಾರೂ ಬಂದ್ರು. ಫೋನ್ ನಿಮಗ ಮುಟ್ಟಿದ್ದಿಲ್ಲ. ಇಡೀ ರಾತ್ರಿ ತೊಡಿ ಮ್ಯಾಲ ಇಟಗೊಂಡಿದ್ದೆ, ನೀವು ಬರೋತನಾ ಮಣ್ಣ ಮಾಡಬ್ಯಾಡ್ರಿ ಅಂದಿದ್ದೆ." ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. "ಇಷ್ಟ."

ಫೋನ್ ಮುಟ್ಟಿದ್ದಿಲ್ಲ ಎಂಬಲ್ಲಿ ಮಾಸ್ತರರ ಪೆನ್ನು ಒಂದು ಕ್ಷಣ ನಿಂತಿತ್ತು. ಸುವರ್ಣಾ ಅದನ್ನು ನೋಡಿದಳು. ಊಟಕ್ಕೆ ಎಬ್ಬಿಸಿದಳು, ಅವರು ಉಂಡರು.

ಮರುದಿನ ಮಾಸ್ತರರು ಗಾದಿಯ ಮೇಲೆ ಕೂತು ಹಾಳೆಗಳನ್ನು ಎತ್ತಿ ಹಿಡಿದರು. 'ಬರೆಯುವವನು ತಣ್ಣಗಿರಬೇಕು' ಎಂದಿದ್ದ ಬದಿ ಜನರ ಕಡೆ ಇತ್ತು, ಓದು ಬಲ್ಲವರು ಓದಿಕೊಂಡಿದ್ದರೆ ಓದಿಕೊಂಡಿರಬಹುದು. ಹೆಸರು ಮಾತ್ರ ರೇವವ್ವನದು, ಉಳಿದದ್ದೆಲ್ಲ ಸುವರ್ಣಾ ಹೇಳಿದಂತೆಯೇ ಇತ್ತು. ಬಸ್ಸಿನ ಹಾರ್ನು, ತಾಳಿಯ ಮಣಿ, ಬಾಯಿಯ ಪಕ್ಕದಿಂದ ಇಳಿದ ನೀರು. ಎರಡು ಕಡೆ ಅವರು ಓದಿದ ಸಾಲನ್ನೇ ಮತ್ತೆ ಓದಿದರು. ಅಷ್ಟೂ ಹೊತ್ತು ಮೊರಗಳು ಆಡಲಿಲ್ಲ. ಉಸಿರು ನಿಂತು ನಿಂತು ಬರುವ ಕಡೆ ಬಂದಾಗ ಬಂದೇನವಾಜ ತಬಲಾದ ಮೇಲಿಂದ ಎರಡೂ ಕೈ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡ. ಇಡೀ ಮಠ ಖಾಲಿ ಜಾಗಗಳಲ್ಲಿ ಕಾಯುತ್ತ ಕೂತಿತ್ತು.

ಮುಗಿಯಿತು. ಸುಂದರಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡು, "ಹೌದು, ಹಿಂಗ ಹೋಗ್ತಾವ" ಎಂದಳು. ಇಬ್ಬರು ಹೆಂಗಸರು ಎದ್ದು ತೊಟ್ಟಿಲ ಹಗ್ಗ ಬಿಚ್ಚಿ ಮೆಲ್ಲಗೆ ಕೆಳಗಿಳಿಸಿದರು, ಒಳಗೆ ಏನೋ ಇದೆಯೆಂಬಂತೆ. ದೊಡ್ಡಪ್ಪಗೌಡರು ಮಂಗಳಾರತಿಗೆ ಕೈ ಮಾಡಿದರು.

"ಇನ್ನೂ ಮುಗಿದಿಲ್ಲ ಗೌಡ್ರ" ಎಂಬ ಮಾತು ಕೇಳಿಸಿತು.

ಸುವರ್ಣಾ ಹೆಂಗಸರ ನಡುವೆ ಎದ್ದು ನಿಂತಿದ್ದಳು. ಮಠದಲ್ಲಿ ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಂಡನನ್ನು ನೋಡುತ್ತಿದ್ದಳು, ಸಿಟ್ಟಿನಿಂದಲ್ಲ.

"ಎಲ್ಲಾ ಬರದೀರಿ. ಬಸ್ಸಿನ ಹಾರ್ನಾ ಸುದ್ದಾ ಬರದೀರಿ. ಕೂಸಿನ ಅಪ್ಪ ಎಲ್ಲಿದ್ದ ಅಂತ ಬರೀಲಿಲ್ಲ."

ಮಾಸ್ತರರು ಹಾಳೆಗಳನ್ನು ತಿರುವಿದರು. ಹನ್ನೊಂದು ಹಾಳೆಯ ಎರಡೂ ಬದಿಯಲ್ಲಿ ಅದು ಇರಲಿಲ್ಲ. ಯಾವ ಕಾದಂಬರಿಯಲ್ಲೂ ಇರಲಿಲ್ಲ. ತಾತ್ಸಾರದ ಮಾತೊಂದು ನಾಲಿಗೆಗೆ ಬಾರದೆ ಇರಲಿಲ್ಲ, ಪಾತ್ರ, ಸಂಯಮ, ಎಲ್ಲವನ್ನೂ ಹೇಳಬಾರದು ಅಂಥದ್ದೇನೋ. ಅದನ್ನು ನುಂಗಿದರು. ಹಾಳೆಗಳನ್ನು ಗಾದಿಯ ಮೇಲೆ ಇಟ್ಟರು.

"ಕಲಬುರಗ್ಯಾಗ ಇದ್ದ" ಎಂದರು. "ಮೊದಲನೇ ಪುಸ್ತಕಕ್ಕ ಬಹುಮಾನ ಬಂದಿತ್ತು. ಫೋನ್ ಮುಟ್ಟಿತ್ತು, ಹನ್ನೊಂದು ಗಂಟೇಕನ ಮುಟ್ಟಿತ್ತು. ಶಾಲು ಹೊದಿಸೂದು ಸಂಜಿಗಿ ಇತ್ತು. ಹೊದಿಸ್ಕೊಂಡ ಹೋಗೂಣು ಅಂತ ಕುಂತ."

ಹೊರಗೆ ಹೊಳೆಯ ಸಪ್ಪಳ ಕೇಳುತ್ತಿತ್ತು. ಸುವರ್ಣಾ ಸುಂದರಬಾಯಿಯ ಪಕ್ಕದಲ್ಲಿ ಕೂತುಕೊಂಡಳು.

"ಈಗ ಮುಗೀತು ಗೌಡ್ರ" ಎಂದಳು. "ಆರತಿ ಹಚ್ರಿ."